ಅರತಿ ಮತ್ತು ಅಂತರ್ಜಾಲ

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಪದ್ಧತಿ ಇಂದಿಗೂ ನಡೆದುಬಂದಿರುವ ಜೈನ ಮನೆಗಳಲ್ಲಿ ಸಂಜೆಯು ಇತರ ಮನೆಗಳ ಸಂಜೆಗಿಂತ ದೀರ್ಘವಾದುದು. ಆರೂವರೆಯ ಹೊತ್ತಿಗೆ ಅಡುಗೆಮನೆಯ ಕೆಲಸ ತೀರಿರುತ್ತದೆ; ನಿದ್ರೆಯ ವೇಳೆಗೆ ಇನ್ನೂ ಮೂರು ನಾಲ್ಕು ಗಂಟೆಗಳ ಅಂತರವಿರುತ್ತದೆ. ಹಿಂದಿನ ತಲೆಮಾರಿನವರು ಈ ಅವಧಿಯನ್ನು ಬಸದಿಯ ಆರತಿ, ಸ್ವಾಧ್ಯಾಯ, ಅಂಗಡಿಯ ಲೆಕ್ಕ, ಮಕ್ಕಳ ಬಾಯಿಪಾಠ, ಜಗಲಿಯ ಮಾತುಕತೆ ಇವುಗಳಿಂದ ತುಂಬಿಕೊಳ್ಳುತ್ತಿದ್ದರು. ಅದೆಲ್ಲವೂ ಧರ್ಮಧ್ಯಾನವೇ ಆಗಿತ್ತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಊರ ಚಾಡಿಯೂ ಇತ್ತು, ಇಸ್ಪೀಟೂ ಇತ್ತು. ಆದರೆ ಒಳ್ಳೆಯದಾಗಲಿ ಕೆಟ್ಟದಾಗಲಿ, ಅದು ಒಬ್ಬರ ಮುಖವನ್ನು ಒಬ್ಬರು ನೋಡುತ್ತ ನಡೆಯುತ್ತಿದ್ದ ವ್ಯವಹಾರವಾಗಿತ್ತು.

ಇಂದು ತುಮಕೂರು ನಗರದ ಬಡಾವಣೆಗಳಲ್ಲಾಗಲಿ, ಗುಬ್ಬಿಯ ಪೇಟೆಬೀದಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ ಆ ಮೂರು ನಾಲ್ಕು ಗಂಟೆಗಳು ಬಹುಮಟ್ಟಿಗೆ ಮೊಬೈಲಿನ ಪಾಲಾಗಿವೆ. ತಂದೆ ಒಂದು ಮೂಲೆಯಲ್ಲಿ ವಾಟ್ಸಾಪ್ ನೋಡುತ್ತಾರೆ, ತಾಯಿ ಇನ್ನೊಂದು ಕಡೆ ಧಾರಾವಾಹಿಯ ತುಣುಕುಗಳನ್ನು ನೋಡುತ್ತಾರೆ, ಪಿ.ಯು. ಓದುವ ಮಗ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಿರುತ್ತಾನೆ. ಮನೆಯಲ್ಲಿ ಗದ್ದಲವಿಲ್ಲ, ಜಗಳವಿಲ್ಲ. ಹೊರಗಿನವರಿಗೆ ಇದು ಶಾಂತಿಯಂತೆಯೇ ಕಾಣುವುದು.

ಈ ವಿಷಯದಲ್ಲಿ ಹಿರಿಯರಿಂದ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಎರಡು. ಒಂದು, ಕಣ್ಣು ಹಾಳಾಗುತ್ತದೆ, ಅಂಕ ಕಡಿಮೆಯಾಗುತ್ತದೆ ಎಂಬುದು. ಇನ್ನೊಂದು, ನೋಡಬಾರದ್ದನ್ನು ನೋಡುತ್ತಾರೆ ಎಂಬುದು. ಎರಡರಲ್ಲಿಯೂ ಸತ್ಯವಿದೆ. ಆದರೆ ಇವೆರಡಕ್ಕಿಂತ ಆಳದಲ್ಲಿ ಮತ್ತೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ವಿರಳ. ಎಳೆಯರು ಏನನ್ನು ನೋಡುತ್ತಾರೆ ಎಂಬುದಿರಲಿ, ಹಾಗೆ ನೋಡುತ್ತಿರುವ ಹೊತ್ತಿನಲ್ಲಿ ಅವರ ಒಳಗೆ ಏನು ನಡೆಯದೇ ಹೋಗುತ್ತದೆ?

ದೇಹವು ಆಹಾರದಿಂದ ಬೆಳೆಯುವಂತೆ ಭಾವವು ಅನುಭವಿಸುವುದರಿಂದ ಬೆಳೆಯುತ್ತದೆ. ದುಃಖ ಬಂದಾಗ ಅದು ದುಃಖವೆಂದು ಗುರುತಿಸುವುದು, ಅದರೊಡನೆ ಸ್ವಲ್ಪ ಕಾಲ ಇರುವುದು, ಅದು ತಾನಾಗಿಯೇ ಇಳಿಯುವುದನ್ನು ಕಾಣುವುದು, ಬಳಿಕ ಬೇರೊಬ್ಬರ ಮುಖದಲ್ಲಿ ಅದೇ ದುಃಖವನ್ನು ಕಂಡಾಗ ಅರ್ಥಮಾಡಿಕೊಳ್ಳುವುದು, ಇಷ್ಟೂ ಸೇರಿದರೆ ಒಂದು ಭಾವ ಬಲಿತಂತೆ. ಇದಕ್ಕೆ ಅಡ್ಡದಾರಿಯಿಲ್ಲ. ಹನ್ನೆರಡರಿಂದ ಇಪ್ಪತ್ತರವರೆಗಿನ ವಯಸ್ಸು ಈ ಅಭ್ಯಾಸಕ್ಕೆ ಪ್ರಕೃತಿಯೇ ಕೊಟ್ಟ ಕಾಲ. ಆ ವಯಸ್ಸಿನಲ್ಲಿ ಭಾವಗಳ ವೇಗ ಹೆಚ್ಚು, ಅವನ್ನು ತಡೆಯುವ ವಿವೇಕ ಇನ್ನೂ ಅಪಕ್ವ. ಆದುದರಿಂದಲೇ ಅದು ಕಷ್ಟದ ವಯಸ್ಸು, ಆದುದರಿಂದಲೇ ಅದು ಕಲಿಕೆಯ ವಯಸ್ಸು.

ಜೈನ ಕರ್ಮಶಾಸ್ತ್ರದ ಪರಿಚಯವಿರುವವರಿಗೆ ಒಂಬತ್ತು ನೋಕಷಾಯಗಳ ಹೆಸರು ಹೊಸದಲ್ಲ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ಕ್ರೋಧಾದಿ ಕಷಾಯಗಳ ಬಗೆಗೆ ಪ್ರವಚನಗಳಲ್ಲಿ ಸಾಕಷ್ಟು ವಿವರಣೆ ದೊರೆಯುತ್ತದೆ. ನೋಕಷಾಯಗಳನ್ನು ಮಾತ್ರ ಪಟ್ಟಿಯಾಗಿ ಒಪ್ಪಿಸಿ ಮುಂದೆ ಸಾಗುವುದೇ ಹೆಚ್ಚು. ಅವುಗಳಲ್ಲಿ ಅರತಿಯೆಂಬುದು ವಿಶೇಷವಾಗಿ ಗಮನಿಸತಕ್ಕದ್ದು. ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ಇರುವಲ್ಲಿ ಇರಲಾಗದಿರುವುದು, ಕಾರಣವಿಲ್ಲದ ಬೇಸರ, ಒಳಗಿನ ಅಸಮಾಧಾನ ಇವೇ ಅರತಿ. ಇದೇ ಅರತಿಯು ಇಪ್ಪತ್ತೆರಡು ಪರೀಷಹಗಳ ಪಟ್ಟಿಯಲ್ಲಿಯೂ ಬರುತ್ತದೆ. ಹಸಿವು, ಬಾಯಾರಿಕೆ, ಶೀತ, ಉಷ್ಣಗಳ ಸಾಲಿನಲ್ಲಿಯೇ ಬೇಸರವನ್ನೂ ಇಟ್ಟು, ಅದನ್ನು ಗೆಲ್ಲಬೇಕೆಂದರೆ ಸಹಿಸುವುದೇ ಮಾರ್ಗವೆಂದು ಸೂಚಿಸಿದ ಶಾಸ್ತ್ರಕಾರರ ಮನೋಜ್ಞಾನವು ಆಶ್ಚರ್ಯಕರವಾದುದು. ಪರೀಷಹಜಯವು ಮುನಿಧರ್ಮವೆಂಬುದು ನಿಜ. ಆದರೆ ಗೃಹಸ್ಥನ ಮಗುವಿಗೂ ಅರತಿ ಬರುವುದಂತೂ ತಪ್ಪದು.

ಕೈಯಲ್ಲಿ ಮೊಬೈಲ್ ಇರುವ ಹದಿಹರೆಯದವನ ಅರತಿಗೆ ಆಯುಷ್ಯವೇ ಇಲ್ಲ. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಬರುವ ವಿದ್ಯಾರ್ಥಿಯು ರೈಲಿಗಾಗಿ ಹತ್ತು ನಿಮಿಷ ಕಾಯಬೇಕಾದರೆ ಎರಡನೆಯ ನಿಮಿಷಕ್ಕೆ ಕೈ ಜೇಬಿಗೆ ಹೋಗುತ್ತದೆ. ಗೆಳೆಯನೊಬ್ಬ ಮಾತು ಬಿಟ್ಟರೆ, ಪರೀಕ್ಷೆಯಲ್ಲಿ ನಪಾಸಾದರೆ, ಮನೆಯಲ್ಲಿ ಗದರಿಸಿದರೆ, ಆ ಅವಮಾನವು ಅವಮಾನವೆಂದು ಗುರುತಾಗುವ ಮೊದಲೇ ಅದರ ಮೇಲೆ ನೂರು ಚಿತ್ರಗಳು ಹರಿದುಹೋಗಿರುತ್ತವೆ. ನೋವು ಹೋಯಿತೇ? ಇಲ್ಲ, ಮುಚ್ಚಿಹೋಯಿತು. ಮುಚ್ಚಿದ್ದು ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದಾಗ ಮತ್ತೆ ತೆರೆಯುತ್ತದೆ. ಆಗ ಮತ್ತೆ ಕೈ ದಿಂಬಿನ ಕೆಳಗೆ ಹೋಗುತ್ತದೆ. ಹೀಗೆ ಹತ್ತು ವರ್ಷ ಕಳೆದವನು ಇಪ್ಪತ್ತೆರಡರ ಪ್ರಾಯದಲ್ಲಿ ಮೊದಲ ಬಾರಿಗೆ ಮುಚ್ಚಲಾಗದಂತಹ ಒಂದು ದುಃಖವನ್ನು ಎದುರಿಸಬೇಕಾಗಿ ಬಂದರೆ, ಅದಕ್ಕೆ ಬೇಕಾದ ಅಭ್ಯಾಸವೇ ಅವನಿಗಿರುವುದಿಲ್ಲ.

ಇದು ಎಳೆಯರೊಬ್ಬರ ದೌರ್ಬಲ್ಯವೆಂದು ಹಿರಿಯರು ಹೆಮ್ಮೆಪಡುವಂತಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು ಒಂದು ಬರಿಯ ಕೋಣೆಯಲ್ಲಿ ಹದಿನೈದು ನಿಮಿಷ ಒಂಟಿಯಾಗಿ ಕೂರಿಸಲಾಯಿತು. ಕೈಯಲ್ಲಿ ಏನೂ ಇಲ್ಲ, ತಮ್ಮ ಯೋಚನೆಗಳಷ್ಟೇ ಜೊತೆ. ಬೇಕೆನಿಸಿದರೆ ಒತ್ತಿಕೊಳ್ಳಲು ಒಂದು ಗುಂಡಿಯಿತ್ತು. ಒತ್ತಿದರೆ ವಿದ್ಯುತ್ತಿನ ಸಣ್ಣ ಆಘಾತ. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣವನ್ನಾದರೂ ಕೊಡುತ್ತೇವೆಂದು ಮೊದಲು ಹೇಳಿದ್ದವರಲ್ಲಿಯೇ 18 ಮಂದಿ ಗಂಡಸರ ಪೈಕಿ 12 ಮಂದಿ, 24 ಮಂದಿ ಹೆಂಗಸರ ಪೈಕಿ 6 ಮಂದಿ ತಾವಾಗಿಯೇ ಗುಂಡಿ ಒತ್ತಿಕೊಂಡರು. ಹದಿನೈದು ನಿಮಿಷ! ಶ್ರಾವಕನ ಸಾಮಾಯಿಕದ ಅವಧಿ ನಲವತ್ತೆಂಟು ನಿಮಿಷ. ಅದನ್ನು ವಿಧಿಸಿದವರು ಮನುಷ್ಯನ ಸ್ವಭಾವವನ್ನು ತಿಳಿಯದೆ ವಿಧಿಸಲಿಲ್ಲ. ತಾನು ತನ್ನೊಡನೆ ಇರುವುದು ಕಲಿಯಬೇಕಾದ ವಿದ್ಯೆಯೇ ಹೊರತು ಹುಟ್ಟಿನಿಂದ ಬರುವುದಲ್ಲ.

ಅರತಿಯಿಂದ ತಪ್ಪಿಸಿಕೊಳ್ಳುವ ಹಂಬಲ ಹಳೆಯದೇ. ಗುಬ್ಬಿಯ ಹೆಸರನ್ನು ನಾಡಿನ ಉದ್ದಗಲಕ್ಕೂ ಒಯ್ದದ್ದು ಒಂದು ನಾಟಕ ಕಂಪನಿ. 1884ರಲ್ಲಿ ಸ್ಥಾಪನೆಯಾಗಿ, ಮುಂದೆ ವೀರಣ್ಣನವರ ಕೈಯಲ್ಲಿ ಖ್ಯಾತಿಯ ಶಿಖರವನ್ನು ಮುಟ್ಟಿತು. ಅದೂ ಮನರಂಜನೆಯೇ. ರಾತ್ರಿಯಿಡೀ ನಾಟಕ ನೋಡಿ ಮರುದಿನ ಹೊಲದಲ್ಲಿ ತೂಕಡಿಸಿದವರನ್ನು ಬೈದ ಹಿರಿಯರೂ ಇದ್ದಿರಬೇಕು. ಆದರೆ ವ್ಯತ್ಯಾಸವನ್ನು ನೋಡಬೇಕು. ನಾಟಕಕ್ಕೆ ಪರದೆ ಏಳುವ ಸಮಯವಿತ್ತು, ಮಂಗಳ ಹಾಡುವ ಸಮಯವೂ ಇತ್ತು. ಶೋಕದ ದೃಶ್ಯದಲ್ಲಿ ಕಣ್ಣೊರೆಸಿಕೊಳ್ಳುವ ಹುಡುಗನು ಪಕ್ಕದಲ್ಲಿ ತನ್ನ ತಂದೆಯೂ ಕಣ್ಣೊರೆಸಿಕೊಳ್ಳುವುದನ್ನು ಕಾಣುತ್ತಿದ್ದನು. ಅಳು ನಾಚಿಕೆಯ ವಿಷಯವಲ್ಲ, ದೊಡ್ಡವರಿಗೂ ಬರುವಂಥದ್ದು, ಬಂದು ಹೋಗುವಂಥದ್ದು ಎಂಬ ಪಾಠವು ಯಾರೂ ಹೇಳಿಕೊಡದೆಯೇ ಆಗುತ್ತಿತ್ತು. ಮುಂದೆ ಸಿನಿಮಾ ಬಂದಾಗಲೂ ಮೂರು ಗಂಟೆಗೆ ಜನ ಎದ್ದು ಹೊರಬರುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಊರೂರಲ್ಲಿ ತಲೆಯೆತ್ತಿದ್ದ ಸೈಬರ್ ಸೆಂಟರುಗಳಲ್ಲಿಯೂ ಗಂಟೆಗಿಷ್ಟು ಎಂಬ ಲೆಕ್ಕವಿತ್ತು. ಹಣ ಮುಗಿದರೆ ಅಂತರ್ಜಾಲವೂ ಮುಗಿಯಿತು.

ಮುಗಿಯುವಿಕೆಯೆಂಬುದೇ ಈಗ ಇಲ್ಲವಾಗಿದೆ. ಪುಟ ಮುಗಿದು ಮುಂದಿನ ಪುಟಕ್ಕೆ ಒತ್ತಬೇಕಾದ ಕಡೆ ಮನುಷ್ಯ ಒಂದು ಕ್ಷಣ ನಿಂತು, ಸಾಕೋ ಬೇಕೋ ಎಂದು ಯೋಚಿಸಬಲ್ಲನು. ಆ ನಿಲುಗಡೆಯನ್ನೇ ತೆಗೆದುಹಾಕಿ, ಬೆರಳು ಸರಿಸಿದಷ್ಟೂ ಕೆಳಗಿನಿಂದ ಬರುತ್ತಲೇ ಇರುವ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಆಝಾ ರಾಸ್ಕಿನ್ ಎಂಬ ತಂತ್ರಜ್ಞರು ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಭಾರತದಲ್ಲಿ ಡಾಟಾದ ಬೆಲೆ ಕುಸಿದು ಹಣದ ತಡೆಯೂ ಹೋಯಿತು. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈ ಎರಡನೆಯ ವಾರದೊಳಗೆ ಇನ್‌ಸ್ಟಾಗ್ರಾಮ್ ತನ್ನ ರೀಲ್ಸನ್ನು ಇಲ್ಲಿಗೆ ತಂದಿತು. ಅಂಗಡಿಯ ಫಲಕ ಬದಲಾಯಿತು, ಸರಕು ಅದೇ ಉಳಿಯಿತು.

ಆ ಸರಕು ಯಾವುದೆಂಬುದನ್ನು ನೋಡಿದರೆ ಶ್ರಾವಕಾಚಾರ ಓದಿದವರಿಗೆ ಪರಿಚಿತ ಮುಖಗಳೇ ಕಾಣುತ್ತವೆ. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆ ಎಂಬ ನಾಲ್ಕು ವಿಕಥೆಗಳನ್ನು ಪ್ರಮಾದದ ಲೆಕ್ಕದಲ್ಲಿ ಹೇಳಲಾಗಿದೆ. ಚೆಲುವಿನ ಪ್ರದರ್ಶನ, ತಿಂಡಿತಿನಿಸುಗಳ ವೀಡಿಯೊ, ದೇಶ ದೇಶಗಳ ಕಚ್ಚಾಟ, ರಾಜಕಾರಣಿಗಳ ಬೈಗುಳ ಇವನ್ನು ಬಿಟ್ಟರೆ ಯುವಕನೊಬ್ಬನ ಮೊಬೈಲಿನಲ್ಲಿ ರಾತ್ರಿ ಹತ್ತರ ಮೇಲೆ ಹರಿಯುವುದು ಮತ್ತೇನು? ಇದನ್ನು ವಿನೋದಕ್ಕೆ ಹೇಳಿದ್ದಲ್ಲ. ಪ್ರಯೋಜನವಿಲ್ಲದೆ ತಗಲಿಕೊಳ್ಳುವ ದೋಷಕ್ಕೆ ಅನರ್ಥದಂಡವೆಂದು ಹೆಸರಿಟ್ಟು, ಮನಸ್ಸನ್ನು ಕಲುಷಗೊಳಿಸುವಂಥದ್ದನ್ನು ಕೇಳುವುದನ್ನೂ ದುಃಶ್ರುತಿಯೆಂದು ಅದರೊಳಗೆ ಸೇರಿಸಿದವರಿಗೆ, ಕೇಳುವಿಕೆಯೂ ಒಂದು ಕ್ರಿಯೆ, ಅದಕ್ಕೂ ಫಲವಿದೆ ಎಂಬುದು ತಿಳಿದಿತ್ತು.

ಹೆಣ್ಣುಮಕ್ಕಳ ಸ್ಥಿತಿ ಸ್ವಲ್ಪ ಬೇರೆ. ಅವರನ್ನು ಕಾಡುವುದು ಬೇಸರಕ್ಕಿಂತ ಹೆಚ್ಚಾಗಿ ಹೋಲಿಕೆ. ಇನ್‌ಸ್ಟಾಗ್ರಾಮ್ ಬಳಕೆಯಿಂದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಕೀಳರಿಮೆ ಹೆಚ್ಚುತ್ತದೆಂದು ಅದರ ಒಡೆತನದ ಕಂಪನಿಯ ಒಳಗಿನ ಅಧ್ಯಯನವೇ ಕಂಡುಕೊಂಡಿದ್ದ ಸಂಗತಿ 2021ರಲ್ಲಿ ಹೊರಬಿದ್ದಿತು. ಮಾನಕಷಾಯವೆಂದರೆ ತಾನು ಹೆಚ್ಚೆಂದು ಬೀಗುವುದು ಮಾತ್ರವೆಂದು ಸಾಮಾನ್ಯರ ಎಣಿಕೆ. ತಾನು ಕಡಿಮೆಯೆಂದು ಹಗಲಿರುಳೂ ಅಳೆದುಕೊಳ್ಳುವುದಕ್ಕೂ ಅದೇ ಅಳತೆಗೋಲು ಬೇಕು.

ಪರರ ಭಾವವನ್ನು ಅರಿಯುವ ಶಕ್ತಿಯ ಮಾತಿಗೆ ಬಂದರೆ ಒಂದು ಸಣ್ಣ ಅಧ್ಯಯನ ಭರವಸೆಯನ್ನು ಕೊಡುವಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಆರನೆಯ ತರಗತಿಯ 51 ಮಕ್ಕಳನ್ನು ಐದು ದಿನ ನಿಸರ್ಗಶಿಬಿರಕ್ಕೆ ಕರೆದೊಯ್ದರು. ಅಲ್ಲಿ ಮೊಬೈಲ್ ಇಲ್ಲ, ಟಿ.ವಿ. ಇಲ್ಲ, ಕಂಪ್ಯೂಟರ್ ಇಲ್ಲ. ಹೋಗುವ ಮೊದಲೂ ಬಂದ ಮೇಲೂ ಮುಖಗಳ ಚಿತ್ರಗಳನ್ನೂ ಧ್ವನಿಯಿಲ್ಲದ ದೃಶ್ಯಗಳನ್ನೂ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಲಾಯಿತು. ಶಾಲೆಯಲ್ಲಿಯೇ ಉಳಿದು ಎಂದಿನಂತೆ ಇದ್ದ 54 ಮಕ್ಕಳಿಗಿಂತ ಶಿಬಿರದ ಮಕ್ಕಳು ಗಮನಾರ್ಹವಾಗಿ ಮುಂದೆ ಬಂದಿದ್ದರು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಪರದೆಯ ಅಭಾವದ ಪಾಲೆಷ್ಟು, ಗೆಳೆಯರ ಸಹವಾಸದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಕೇವಲ ಐದು ದಿನಗಳ ಬದಲಾವಣೆಯೇ ಮುಖಗಳನ್ನು ಓದುವ ಶಕ್ತಿಯನ್ನು ಹೆಚ್ಚಿಸಿತೆಂಬುದು ಮಾತ್ರ ಸ್ಪಷ್ಟ.

ಇಲ್ಲಿ ಎದುರುವಾದವನ್ನು ಕೇಳದೆ ಮುಂದೆ ಹೋಗುವುದು ಅನೇಕಾಂತಕ್ಕೆ ಸಲ್ಲದು. ಇಂಗ್ಲೆಂಡಿನ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಝಿಬಿಲ್ಸ್ಕಿ ಎಂಬ ಸಂಶೋಧಕರು ಮೂರೂವರೆ ಲಕ್ಷ ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಬರೆದದ್ದೇನೆಂದರೆ, ಯುವಜನರ ಕ್ಷೇಮದಲ್ಲಿ ಕಾಣುವ ಏರುಪೇರಿನಲ್ಲಿ ತಂತ್ರಜ್ಞಾನದ ಬಳಕೆಯ ಪಾಲು ಹೆಚ್ಚೆಂದರೆ ಶೇಕಡಾ 0.4 ಮಾತ್ರ, ಆಲೂಗೆಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಂಬಂಧ ಕಂಡುಬಂದಿತ್ತು. (ಕಂದಮೂಲ ತ್ಯಾಗ ಮಾಡಿದ ವಾಚಕರು ಈ ಹೋಲಿಕೆಯನ್ನು ಬೇರೆಯೇ ಅರ್ಥದಲ್ಲಿ ಗ್ರಹಿಸಿಯಾರು.) ಅಮೆರಿಕದ ಜೊನಾಥನ್ ಹೈಟ್ ಅವರು 2024ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ತದ್ವಿರುದ್ಧವಾದ ನಿಲುವನ್ನು ತಳೆದು, ಯುವಜನರ ಮನೋವ್ಯಾಧಿಗಳ ಹೆಚ್ಚಳಕ್ಕೆ ಸ್ಮಾರ್ಟ್‌ಫೋನೇ ಮುಖ್ಯ ಕಾರಣವೆಂದು ವಾದಿಸಿದರು. ವಿದ್ವಾಂಸರ ಈ ವಿವಾದ ಮುಗಿದಿಲ್ಲ. ಆದರೆ ಲಕ್ಷಾಂತರ ಮಂದಿಯ ಸರಾಸರಿಯು ಕಡಿಮೆಯೆಂದ ಮಾತ್ರಕ್ಕೆ ರಾತ್ರಿ ಎರಡರವರೆಗೆ ಎಚ್ಚರವಿರುವ ಒಬ್ಬ ಹುಡುಗನ ಹಾನಿ ಕಡಿಮೆಯಾಗುವುದಿಲ್ಲ. ಸರಾಸರಿಯನ್ನು ಹಿಡಿದು ಯಾವ ತಾಯಿಯೂ ಮಗುವನ್ನು ಸಾಕುವುದಿಲ್ಲ.

ಅಂತರ್ಜಾಲದಿಂದ ಆದ ಉಪಕಾರವೂ ಸಣ್ಣದಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲೇ ಪಾಠಶಾಲೆಯಾಯಿತು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ತುಮಕೂರಿನ ಹಾಸ್ಟೆಲಿನಲ್ಲಿ ಮೊದಲ ವರ್ಷ ಕಳೆಯುವ ಕುಣಿಗಲ್ ತಾಲ್ಲೂಕಿನ ಹಳ್ಳಿಯ ಹುಡುಗಿಗೆ ರಾತ್ರಿ ತಾಯಿಯ ಮುಖ ಕಾಣುವುದು ಅದರಲ್ಲಿಯೇ. ಇದನ್ನೆಲ್ಲ ಅಲ್ಲಗಳೆಯುವವನು ಅವಿವೇಕಿ. ಆದರೆ ಬಳಕೆಯ ಪ್ರಮಾಣ ಬೇರೆಯೇ ಕಥೆಯನ್ನು ಹೇಳುತ್ತದೆ. ಗ್ರಾಮೀಣ ಭಾರತದ ಶಿಕ್ಷಣಸ್ಥಿತಿಯನ್ನು ಅಳೆಯುವ ‘ಅಸರ್’ ವರದಿಯ 2024ರ ಸಮೀಕ್ಷೆಯಲ್ಲಿ, 14ರಿಂದ 16 ವಯಸ್ಸಿನವರಲ್ಲಿ ಶೇಕಡಾ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದ್ದವರು ಶೇಕಡಾ 57, ಸಾಮಾಜಿಕ ಮಾಧ್ಯಮಕ್ಕೆ ಬಳಸಿದ್ದವರು ಶೇಕಡಾ 76. ‘ಓದುವುದಕ್ಕೆಂದು ಕೊಡಿಸಿದ್ದೇವೆ’ ಎನ್ನುವ ಹಳ್ಳಿಯ ತಂದೆಯೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ದೋಷ ಯಾರದು? ಈ ಲೇಖನದ ಮುಖ್ಯ ಪ್ರಶ್ನೆ ಇದೇ. ಜೈನಧರ್ಮದ ದೃಷ್ಟಿಯಲ್ಲಿ ಕ್ರಿಯೆಗೆ ಮೂರು ಮುಖಗಳು: ಕೃತ, ಕಾರಿತ, ಅನುಮೋದನೆ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡುವುದನ್ನು ಕಂಡು ಒಪ್ಪಿದ್ದು. ಹಿಂಸೆಯ ವಿಷಯದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಈ ಲೆಕ್ಕ ನಡೆಯುತ್ತದೆ. ಹೋಟೆಲಿನಲ್ಲಿ ತಿಂಡಿ ತರಿಸುವಾಗಲೂ ಕೇಳಿ ತಿಳಿದು ತರಿಸುವ ಜನ. ಮಕ್ಕಳ ಭಾವಜೀವನದ ವಿಷಯದಲ್ಲಿ ಇದೇ ಲೆಕ್ಕವನ್ನು ಇಟ್ಟವರು ಎಷ್ಟು ಮಂದಿ?

ಎರಡು ವರ್ಷದ ಕೂಸು ಊಟಕ್ಕೆ ಹಟ ಮಾಡಿತೆಂದು ಅದರ ಮುಂದೆ ಮೊಬೈಲ್ ಇಟ್ಟು ತುತ್ತು ತುರುಕಿದವರು ಯಾರು? ಅಂಗಡಿಗೆ ಗಿರಾಕಿ ಬಂದರೆಂದು, ಮನೆಗೆ ನೆಂಟರು ಬಂದರೆಂದು, ಅಳುವ ಮಗುವಿನ ಕೈಗೆ ಅದನ್ನು ಕೊಟ್ಟು ಸುಮ್ಮನಾಗಿಸಿದವರು ಯಾರು? ಅಂದು ಆ ಮಗು ಕಲಿತದ್ದು ಒಂದೇ: ಒಳಗೆ ಕಸಿವಿಸಿಯಾದರೆ ಅದಕ್ಕೆ ಮದ್ದು ಹೊರಗಿನ ಪರದೆಯಲ್ಲಿದೆ. ಹದಿನಾರರಲ್ಲಿ ಅವನು ಮಾಡುವುದು ಹೆತ್ತವರು ಎರಡರಲ್ಲಿ ಹೇಳಿಕೊಟ್ಟ ಪಾಠದ ಪುನರಾವರ್ತನೆ. ಇದು ಕಾರಿತ. ಮನೆ ನಿಶ್ಶಬ್ದವಾಗಿದೆ, ಹುಡುಗ ಬೀದಿ ಸುತ್ತುವುದಿಲ್ಲ, ಕೆಟ್ಟ ಸಹವಾಸವಿಲ್ಲ ಎಂದು ಸಮಾಧಾನಪಟ್ಟುಕೊಂಡು ಮುಚ್ಚಿದ ಬಾಗಿಲನ್ನು ತಟ್ಟದೆ ಹೋಗುವುದು ಅನುಮೋದನೆ.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನೋವಿಜ್ಞಾನಿ ತಾಯಿ ಮಕ್ಕಳನ್ನು ಕೂರಿಸಿ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ತಾಯಿ ಕೂಸಿನೊಡನೆ ನಗುತ್ತ ಮಾತನಾಡುತ್ತಿದ್ದು, ಒಮ್ಮೆಲೇ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಕೆಲವು ನಿಮಿಷ ಹಾಗೆಯೇ ಇರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ತಾಯಿ ಮಿಸುಕದಿದ್ದರೆ ಮುಖ ತಿರುಗಿಸುತ್ತದೆ, ಕೊನೆಗೆ ಅಳುತ್ತದೆ. ಆಗ ಮೊಬೈಲ್ ಇರಲಿಲ್ಲ. ಈಗ ವಾಟ್ಸಾಪ್ ಓದುತ್ತಿರುವ ತಂದೆ ತಾಯಿಯರ ಮುಖವನ್ನು ಮಗುವಿನ ಸ್ಥಾನದಿಂದ ಒಮ್ಮೆ ನೋಡಿದರೆ ಆ ಕಲ್ಲಿನ ಮುಖ ಗುರುತು ಸಿಕ್ಕುತ್ತದೆ. ಪ್ರತಿದಿನ ಬೆಳಿಗ್ಗೆ ಜಿನವಾಣಿಯ ಸಂದೇಶಗಳನ್ನು ಹತ್ತು ಗುಂಪುಗಳಿಗೆ ಕಳುಹಿಸುವ ಹಿರಿಯರೂ ಇದಕ್ಕೆ ಹೊರತಲ್ಲ. ಸಂದೇಶ ಒಳ್ಳೆಯದಿರಬಹುದು, ಎದುರಿಗೆ ನಿಂತ ಮೊಮ್ಮಗನ ಪ್ರಶ್ನೆಗೆ ಮುಖವೆತ್ತದಿದ್ದರೆ ಅವನಿಗೆ ತಲುಪುವುದು ಕಲ್ಲಿನ ಮುಖ ಮಾತ್ರ.

ಇಷ್ಟು ಹೇಳಿದ ಮೇಲೂ ಹದಿನೆಂಟರ ಯುವಕನ ಹೊಣೆ ಪೂರ್ತಿಯಾಗಿ ಇಳಿಯುವುದಿಲ್ಲ. ನಿಮಿತ್ತ ಹೊರಗಿರಬಹುದು, ಉಪಾದಾನ ಅವನೊಳಗೇ ಇದೆ. ಅವನ ಅರತಿಯನ್ನು ಅವನ ತಂದೆ ಸಹಿಸಲಾರನು. ಹಿರಿಯರು ಮಾಡಬಲ್ಲದ್ದು ಅದನ್ನು ಸಹಿಸಲು ಬೇಕಾದ ಅವಕಾಶವನ್ನೂ ಸಂಗಡವನ್ನೂ ಒದಗಿಸುವುದಷ್ಟೇ.

ಕಾನೂನಿನಿಂದ ಸಾಧ್ಯವೇ? ಆಸ್ಟ್ರೇಲಿಯಾ 2024ರ ನವೆಂಬರಿನಲ್ಲಿ ಅಂಗೀಕರಿಸಿದ ಕಾನೂನಿನಂತೆ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಮುಖ್ಯ ಸಾಮಾಜಿಕ ಮಾಧ್ಯಮಗಳಲ್ಲಿ ಖಾತೆ ಹೊಂದುವಂತಿಲ್ಲ. ಭಾರತದಲ್ಲಿ 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಬಂದಿತು. ಇವುಗಳ ಫಲವನ್ನು ಕಾಲವೇ ಹೇಳಬೇಕು. ಕಾನೂನು ಖಾತೆಯನ್ನು ಮುಚ್ಚಬಲ್ಲದು. ಖಾಲಿಯಾದ ಸಂಜೆಯಲ್ಲಿ ಏನು ಮಾಡಬೇಕೆಂದು ಕಲಿಸಲಾರದು.

ಅದಕ್ಕಿಂತ ಕುತೂಹಲಕರವಾದದ್ದು ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ನಡೆದದ್ದು. ಅಲ್ಲಿ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗಿದರೆ ಎಲ್ಲ ಮನೆಗಳಲ್ಲಿಯೂ ಟಿ.ವಿ. ಮತ್ತು ಮೊಬೈಲ್ ಬಂದ್. ಮತ್ತೆ ಎಂಟೂವರೆಗೆ ಕೂಗುವವರೆಗೆ ಮಕ್ಕಳ ಓದು, ಹಿರಿಯರ ಮಾತು. ನಿಯಮ ಮಕ್ಕಳಿಗೆ ಮಾತ್ರವಲ್ಲ, ಮನೆಗೆಲ್ಲ ಅನ್ವಯಿಸಿತು ಎಂಬುದೇ ಇದರ ಸತ್ತ್ವ. ಅದೇ ವರ್ಷ ಪರ್ಯುಷಣದ ಕಾಲದಲ್ಲಿ ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯ ಬೇಗಂಗಂಜಿನಲ್ಲಿ ಜೈನ ಸಮಾಜದವರು ಇಪ್ಪತ್ತನಾಲ್ಕು ಗಂಟೆಗಳ ಕಾಲ ಮೊಬೈಲ್ ಮತ್ತು ಅಂತರ್ಜಾಲವನ್ನು ತ್ಯಜಿಸುವ ಉಪವಾಸವನ್ನು ಸಾಮೂಹಿಕವಾಗಿ ಆಚರಿಸಿದರು. ಉಪವಾಸವೆಂಬ ಹೆಸರು ಸಾರ್ಥಕವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಯಮ ಮತ್ತು ನಿಯಮ ಎಂಬ ಭೇದವನ್ನು ಹೇಳುತ್ತಾರೆ: ಜೀವಮಾನವಿಡೀ ಬಿಡುವುದು ಯಮ, ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಕಾಲೇಜಿನ ಹುಡುಗನಿಂದ ಮೊಬೈಲಿನ ಯಮವನ್ನು ಯಾರೂ ಅಪೇಕ್ಷಿಸಲಾಗದು. ಅಪೇಕ್ಷಿಸಿದರೆ ಅವನು ಸುಳ್ಳು ಹೇಳಲು ಕಲಿಯುತ್ತಾನೆ. ನಿಯಮವನ್ನಾದರೆ ಕೇಳಬಹುದು. ಒಂದು ಹೊತ್ತು, ಒಂದು ಮುಹೂರ್ತ, ಚತುರ್ದಶಿಯ ಒಂದು ಸಂಜೆ. ಆದರೆ ಬಿಟ್ಟ ಹೊತ್ತು ಬರಿದಾಗಿದ್ದರೆ ಅರತಿಯು ಎರಡರಷ್ಟಾಗಿ ಬರುವುದು ಖಂಡಿತ. ಮೊದಲ ಹತ್ತು ದಿನ ಹುಡುಗ ಸಿಡುಕುತ್ತಾನೆ, ಬೇಜಾರು ಎನ್ನುತ್ತಾನೆ, ಗೋಡೆ ನೋಡುತ್ತಾನೆ. ಇದು ನಿಯಮದ ಸೋಲಲ್ಲ; ನಿಯಮ ಕೆಲಸ ಮಾಡಲು ತೊಡಗಿದ್ದರ ಲಕ್ಷಣ. ಆಗ ಅವನ ಹತ್ತಿರ ಕುಳಿತುಕೊಳ್ಳುವವರು ಬೇಕು, ಉಪದೇಶ ಮಾಡುವವರಲ್ಲ.

ಈ ಸಂದರ್ಭದಲ್ಲಿ ವೈಯಾವೃತ್ತ್ಯದ ನೆನಪೂ ಬರಬೇಕು. ವೃದ್ಧರ, ರೋಗಿಗಳ, ತ್ಯಾಗಿಗಳ ಸೇವೆಯನ್ನು ಯುವಜನರ ಪಾಲಿಗೆ ಬಿಟ್ಟುಕೊಟ್ಟರೆ ಅಲ್ಲಿ ನಿಜವಾದ ಮುಖಗಳಿರುತ್ತವೆ. ಮಾತು ಮರೆತ ಅಜ್ಜಿಯೊಬ್ಬರಿಗೆ ಗಂಜಿ ಕುಡಿಸುವಾಗ ಬೆರಳಿನಿಂದ ಸರಿಸಿ ಮುಂದೆ ಹೋಗಲಾಗದು. ಜುಗುಪ್ಸೆ ಬರುತ್ತದೆ, ಮರುಕ ಬರುತ್ತದೆ, ಬೇಸರ ಬರುತ್ತದೆ. ಎಲ್ಲವನ್ನೂ ಹೊತ್ತುಕೊಂಡೇ ಬಟ್ಟಲು ಖಾಲಿಯಾಗುವವರೆಗೆ ಇರಬೇಕು. ಸಾಮಾನ್ಯವಾಗಿ ಇಂಥ ಕೆಲಸಗಳನ್ನು ಮನೆಯ ಹೆಂಗಸರ ಮೇಲೆ ಹೊರಿಸಿ ಗಂಡುಮಕ್ಕಳನ್ನು ‘ಓದಿಕೋ’ ಎಂದು ಕಳುಹಿಸಲಾಗುತ್ತದೆ. ಓದಿಕೊಳ್ಳುವ ಕೋಣೆಯಲ್ಲಿ ಏನಿದೆಯೆಂಬುದು ಎಲ್ಲರಿಗೂ ಗೊತ್ತು.

ಕೆಲವು ಪ್ರಸಂಗಗಳು ಮನೆಯ ಮದ್ದಿಗೆ ಮೀರಿದವು. ಆಟದ ಮೇಲಿನ ಹಿಡಿತ ತಪ್ಪಿ, ಊಟ ನಿದ್ರೆ ಓದುಗಳಿಗಿಂತ ಅದೇ ಮೇಲಾಗಿ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿಯು ಸಾಮಾನ್ಯವಾಗಿ ವರ್ಷಕಾಲ ಮುಂದುವರಿದರೆ ಅದನ್ನು ವ್ಯಾಧಿಯೆಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿತು. 2022ರ ಜನವರಿಯಿಂದ ಆ ವರ್ಗೀಕರಣ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದಕ್ಕೆಂದೇ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ತುಮಕೂರಿನಿಂದ ಸುಮಾರು ಎಪ್ಪತ್ತು ಕಿಲೋಮೀಟರಿನ ದಾರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಮನೆಯಿಂದಲೇ ಉಚಿತವಾಗಿ ಕರೆಮಾಡಬಹುದು. ಸಮಾಜದಲ್ಲಿ ಹೆಸರು ಕೆಡುತ್ತದೆ, ಮುಂದೆ ಸಂಬಂಧ ಕುದುರುವುದಿಲ್ಲ ಎಂದು ಇದನ್ನು ಮುಚ್ಚಿಟ್ಟು ಹರಕೆ ಹೊರುವ ಕುಟುಂಬಗಳಿವೆ. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವವರು ಇದಕ್ಕೂ ಹೋಗಬೇಕು.

ಬಸದಿಗಳ ಟ್ರಸ್ಟುಗಳಿಗೆ ಇದರಲ್ಲಿ ಪಾತ್ರವಿದೆ. ತುಮಕೂರಿನ ಸಮೀಪದ ಮಂದರಗಿರಿಯ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಭಾನುವಾರ ಹತ್ತುವ ಯುವಜನರ ಸಂಖ್ಯೆ ಕಡಿಮೆಯೇನಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ ಶಾಂತಿನಾಥ ಬಸದಿಯಿದೆ. ಬರುವವರು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ರೀಲ್ಸ್ ಮಾಡುತ್ತಾರೆ, ಇಳಿಯುತ್ತಾರೆ. ಅವರನ್ನು ಗದರಿಸಿ ಓಡಿಸುವುದು ಸುಲಭ. ಅದಕ್ಕಿಂತ, ಚಪ್ಪಲಿ ಬಿಡುವ ಕಡೆಯಲ್ಲಿಯೇ ಬೀಗವಿರುವ ಸಣ್ಣ ಗೂಡುಗಳ ಒಂದು ಕಪಾಟನ್ನು ಇಟ್ಟು, ಚೀಟಿ ಕೊಟ್ಟು ಮೊಬೈಲ್ ಪಡೆದು, ಒಳಗೆ ನಲವತ್ತೆಂಟು ನಿಮಿಷ ಸುಮ್ಮನೆ ಕೂರಲು ನೆರಳಿನ ಜಾಗವನ್ನೂ ಕುಡಿಯಲು ಸೋಸಿದ ನೀರನ್ನೂ ಒದಗಿಸಿದರೆ ಹೆಚ್ಚಿನ ಖರ್ಚೇನೂ ಬಾರದು. ಭಾನುವಾರದ ಪಾಠಶಾಲೆಯಲ್ಲಿ ಪ್ರತಿಕ್ರಮಣವನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಆ ವಾರ ಯಾವ ಭಾವ ಬಂದಿತ್ತು, ಅದು ಎಷ್ಟು ಹೊತ್ತು ಇದ್ದಿತು ಎಂದು ಮಕ್ಕಳು ತಮ್ಮ ಮಾತಿನಲ್ಲಿ ಹೇಳಿಕೊಳ್ಳಲು ಕಾಲು ಗಂಟೆ ಕೊಡಬಹುದು; ಪಾಠ ಹೇಳುವವರಿಗೆ ಕೇಳುವ ತಾಳ್ಮೆ ಇದ್ದರೆ ಸಾಕು.

ಕಪಾಟು ಮಾಡಿಸುವ ಠರಾವು ಸಭೆಯಲ್ಲಿ ಸುಲಭವಾಗಿಯೇ ಪಾಸಾದೀತು. ಅದರ ಮೊದಲ ಸಾಲಿನ ಗೂಡುಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ, ಪುರೋಹಿತರ ಮೊಬೈಲುಗಳು ಇರುತ್ತವೆಯೇ ಎಂಬುದನ್ನೂ ಅದೇ ಸಭೆಯಲ್ಲಿ ಬರೆದಿಡುವುದು ಒಳ್ಳೆಯದು. ಅಭಿಷೇಕದ ನಡುವೆ ಈಗ ಹೆಚ್ಚಾಗಿ ರಿಂಗಾಗುವುದು ಅವೇ.